ಬುಧವಾರದ ಕಿಟಕಿ

ನಾಲ್ಕು ವರ್ಷದ ಹಿಂದೆ ವಿಮಾನ ನಿಲ್ದಾಣದಲ್ಲಿ ಒಬ್ಬ ಅಪ್ಪ ತನ್ನ ಐದು ವರ್ಷದ ಮಗಳಿಗೆ ಮಾತು ಕೊಟ್ಟಿದ್ದ: ನೀನು ತಿರುಗಿ ಬರುವವರೆಗೂ ನಮ್ಮ ಮನೆ ಬಿಡುವುದಿಲ್ಲ, ವಾರ ವಾರ ನಮ್ಮ ಕಿಟಕಿಯಲ್ಲೇ ನಿಂತು ನಿನಗೆ ರೈಲು ತೋರಿಸುತ್ತೇನೆ. ಈ ಮಾತು ಪೊಲೀಸರ ಕಿವಿಗೆ ಬಿದ್ದದ್ದು ಬಹಳ ತಡವಾಗಿ.

ಅವರಿಗೆ ಮೊದಲು ಬಂದದ್ದು ದೂರು. ನವೆಂಬರ್‌ನ ಒಂದು ಗುರುವಾರ ಬೆಳಿಗ್ಗೆ ಸಿಂಧೂರಾ ಎಂಬ ಬೆಂಗಳೂರಿನ ಹೆಣ್ಣುಮಗಳು ಜಪಾನಿನ ಕೋಟೋ ವಾರ್ಡಿನ ಠಾಣೆಗೆ ಬಂದಳು. ಅವಳಿಗೂ ಗಂಡ ಭೀಮಸೇನನಿಗೂ ಸಾಫ್ಟ್‌ವೇರ್ ಕೆಲಸ, ಟೊಯೊಸುವಿನ ಅವರ ಮನೆಗೆ ಹಗಲೆಲ್ಲ ಬೀಗ. ಗಾಬರಿಯಲ್ಲಿ ಅವಳ ಅರೆಬರೆ ಜಪಾನಿ ಕೈಕೊಟ್ಟಿತ್ತು. ಇನ್ಸ್‌ಪೆಕ್ಟರ್ ಮೊರಿತಾ ದುಭಾಷಿ ಅಪರ್ಣಾಳನ್ನು ಕರೆಸಿದರು.

"ಏನೂ ಕಳುವಾಗಿಲ್ಲ ಮೇಡಂ, ಅದೇ ಪ್ರಾಬ್ಲಮ್ಮು. ಬುಧವಾರ ಬಂದ್ರೆ ನಮ್ಮ ಮದುವೆ ಫೋಟೋ ಸೊಟ್ಟಗಿರತ್ತೆ, ಚೇರು ಕಿಟಕಿ ಹತ್ರ ಹೋಗಿರತ್ತೆ. ಭೀಮು ನಗ್ತಾನೆ, ದೆವ್ವಕ್ಕೂ ನಮ್ಮ ಜೋಡಿ ನೋಡಕ್ಕಾಗ್ತಿಲ್ಲ ಅಂತ."

"ಬೀಗದ ಕೈ ಯಾರ ಹತ್ತಿರ?"

"ಕೀನೇ ಇಲ್ಲ. ಫೋನಲ್ಲಿ ತೆಗೆಯೋದು. ನನ್ನ ಫೋನು, ಭೀಮು ಫೋನು, ಅಷ್ಟೇ."

ದೂರು ದಾಖಲಿಸಿಕೊಂಡು ಮೂವರೂ ಮನೆಗೆ ಹೋದರು. ಬಾಗಿಲಿನ ಮೇಲೆ ಒಂದು ಗೀರೂ ಇರಲಿಲ್ಲ. ಮೊರಿತಾ ಸ್ಥಳ ಪಂಚನಾಮೆ ಬರೆಯುತ್ತಿದ್ದಾಗ ಅಪರ್ಣಾಳ ಕಣ್ಣು ಅಡುಗೆಮನೆಯ ಗ್ರೈಂಡರಿನ ಮೇಲೆ ಬಿತ್ತು. ಅದರ ಮೈಗೆ ಯಾವುದೋ ಮಗು ಮೊಲದ ಸ್ಟಿಕ್ಕರ್ ಅಂಟಿಸಿತ್ತು. ಸಿಂಧೂರಾಗೆ ಮಕ್ಕಳಿರಲಿಲ್ಲ.

ಗ್ರೈಂಡರ್ ಮನೆಯ ಜೊತೆಗೇ ಬಂತು ಎಂದಳು ಸಿಂಧೂರಾ. ಅಪರ್ಣಾ ಇನ್ಸ್‌ಪೆಕ್ಟರಿಗೆ ತಮ್ಮವರ ರೂಢಿಯನ್ನು ಬಿಡಿಸಿ ಹೇಳಿದಳು. ಇಲ್ಲಿ ಕನ್ನಡದವರ ಮನೆ ಕೈಯಿಂದ ಕೈಗೆ ದಾಟುತ್ತದೆ. ಬಾಡಿಗೆ ಕರಾರು ಹೊಸದಾಗುತ್ತದೆ, ಕುಕ್ಕರು, ಗ್ರೈಂಡರು, ಪರದೆ ಎಲ್ಲ ಇದ್ದಲ್ಲೇ ಇರುತ್ತವೆ.

"ಬೀಗವೂ?" ಎಂದರು ಮೊರಿತಾ.

ಸಿಂಧೂರಾ ಮುಖ ಸಣ್ಣದು ಮಾಡಿಕೊಂಡಳು. ಬೀಗದ ಆ್ಯಪ್‌ನಲ್ಲಿ ಹೊಸ ಖಾತೆಯ ರಗಳೆ ಯಾಕೆಂದು, ಹಿಂದಿದ್ದ ಉಮಾಶಂಕರ್ ತನ್ನ ಖಾತೆಗೇ ಇವರಿಬ್ಬರನ್ನು ಮನೆಯವರೆಂದು ಸೇರಿಸಿ ಹೋಗಿದ್ದ. ಬೀಗಕ್ಕೆ ಇನ್ನೂ ಅವನೇ ಯಜಮಾನ. ಬಾಗಿಲು ಯಾವಾಗ ತೆರೆಯಿತೆಂಬುದು ಕಾಣುವುದೂ ಅವನ ಫೋನಿನಲ್ಲಿ ಮಾತ್ರ.

"ತುಂಬಾ ಒಳ್ಳೇವ್ರು ಮೇಡಂ. ಗ್ರೈಂಡರಿಗೆ ಒಂದು ಯೆನ್ ತಗೊಳ್ಳಲಿಲ್ಲ."

ಬೀಗದ ಕಂಪನಿ ಮಂಗಳವಾರ ಉತ್ತರ ಕಳಿಸಿತು. ಪ್ರತಿ ಬುಧವಾರ, ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮುಂಚೆ, ಉಮಾಶಂಕರನ ಫೋನ್.

ಮರುದಿನ ಮೊರಿತಾ, ಕಾನ್‌ಸ್ಟೇಬಲ್ ಓನೋ, ಅಪರ್ಣಾ ಮಲಗುವ ಕೋಣೆಯಲ್ಲಿ ಕಾದರು. ಬೀಗ ಕಿರ್ರೆಂದಿತು. ಬಂದವನು ಶೂ ಬಿಚ್ಚಿ, ಜೋಡಿಸಿಟ್ಟು, ಯಾರೂ ಇಲ್ಲದ ಮನೆಗೆ ಸುಮಿಮಾಸೆನ್, ಕ್ಷಮಿಸಿ, ಎಂದ. ಮದುವೆ ಫೋಟೋ ಬೋರಲು ಹಾಕಿದ. ಪರದೆ ಸರಿಸಿ, ಕಿಟಕಿಗೆ ಬೆನ್ನಾಗಿ ಕುರ್ಚಿ ಎಳೆದು ಕೂತು, ಫೋನಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡ.

ಮೊರಿತಾ ಹೊರಗೆ ಬಂದರು. ಅವನು ಓಡಲಿಲ್ಲ. ಅಕ್ರಮವಾಗಿ ಮನೆ ಹೊಕ್ಕ ಆರೋಪದ ಮೇಲೆ ಬಂಧನ ಎಂಬುದನ್ನು ಅಪರ್ಣಾ ಕನ್ನಡದಲ್ಲಿ ಹೇಳಿದಳು. ಕನ್ನಡ ಕೇಳಿ ಅವನು ಅವಳ ಕಡೆ ತಿರುಗಿದ.

"ಇಲ್ಲಿಗೆ ಯಾಕೆ ಬರ್ತೀರಿ?"

"ಸಾಹಿತ್ಯ ಫೋನ್ ಮಾಡ್ತಾಳೆ. ನನ್ನ ಮಗಳು. ಸ್ಕೂಲಿಗೆ ಹೊರಡೋ ಮುಂಚೆ, ಮೈಸೂರಿಂದ. ವಾರಕ್ಕೆ ಇದೊಂದೇ ಕಾಲ್‌ಗೆ ಅವರಮ್ಮ ಒಪ್ಪಿರೋದು."

"ಫೋನ್ ಎಲ್ಲಿಂದ ಬೇಕಾದ್ರೂ ಮಾತಾಡಬಹುದಲ್ಲ."

"ಅವಳಿಗೆ ನಮ್ಮನೆ ಕಾಣಬೇಕು ಮೇಡಂ. ಈಗ ನಾನಿರೋ ರೂಮಲ್ಲಿ ಕಿಟಕಿ ತೆಗೆದ್ರೆ ಪಕ್ಕದ ಬಿಲ್ಡಿಂಗಿನ ಗೋಡೆ." ಆಮೇಲೆ ವಿಮಾನ ನಿಲ್ದಾಣದ ಮಾತನ್ನು ಹೇಳಿದ. ಗಂಡ ಹೆಂಡತಿ ಬೇರೆಯಾದದ್ದು, ಕಂಪನಿ ಬಾಡಿಗೆ ಕೊಡುವುದು ನಿಲ್ಲಿಸಿದ್ದು, ಯಾವುದೂ ಮಗುವಿಗೆ ಗೊತ್ತಿಲ್ಲ. "ಹತ್ತು ನಿಮಿಷ ಕೊಡಿ. ಆಮೇಲೆ ಎಲ್ಲಿಗೆ ಕರೆದ್ರೂ ಬರ್ತೀನಿ."

ಅಪರ್ಣಾ ಅದನ್ನು ಜಪಾನಿಯಲ್ಲಿ ಹೇಳಿದಾಗ ಮೊರಿತಾ ಆಗದೆಂದು ತಲೆಯಾಡಿಸಿದರು. ಬಾಗಿಲು ತೆರೆದದ್ದೇ ಆ ಫೋನು, ಅದು ಸಾಕ್ಷ್ಯ. ಓನೋ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುದ್ರೆ ಒತ್ತಿದ.

ಅಪರ್ಣಾಗೆ ತನ್ನ ಮಗಳು ನಿಶಾ ನೆನಪಾದಳು, ಮನೆಯಲ್ಲಿ ಪಕ್ಕದ ರೂಮಿನಿಂದಲೇ ಊಟಕ್ಕೇನು ಎಂದು ಜಪಾನಿಯಲ್ಲಿ ಮೆಸೇಜ್ ಕಳಿಸುವವಳು. ಅಪರ್ಣಾ ತನ್ನ ಫೋನ್ ಹೊರತೆಗೆದಳು. ಮೊರಿತಾ ತಿರುಗಿ ಕಿಟಕಿಯಾಚೆ ನೋಡುತ್ತ ನಿಂತರು. ಬೇಡವೆನ್ನಲಿಲ್ಲ.

"ನಂಬರ್ ಹೇಳಿ. ಬೇಗ."

ಉಮಾಶಂಕರ್ ಬಾಯಿ ತೆರೆದ. "ತೊಂಬತ್ತೆಂಟು..." ಅಲ್ಲಿಗೆ ನಿಂತ. ನಾಲ್ಕು ವರ್ಷ ಅವನು ಮುಟ್ಟಿದ್ದು ಫೋನಿನ ಮೇಲೆ ಮೂಡುವ ಮಗಳ ಚಿತ್ರವನ್ನು, ನಂಬರನ್ನಲ್ಲ.

ಹನ್ನೆರಡಕ್ಕೆ ಚೀಲದೊಳಗೆ ಫೋನ್ ಬೆಳಗಿತು. ಎರಡು ಜಡೆಯ ಹುಡುಗಿ, ಬಿದ್ದ ಹಲ್ಲಿನ ನಗು. ಕಿಟಕಿಯಾಚೆ ಚಾಲಕನಿಲ್ಲದ ರೈಲು ಹಾದುಹೋಯಿತು. ಫೋನ್ ನಿಂತಿತು, ಮತ್ತೊಮ್ಮೆ ಬಡಿದುಕೊಂಡಿತು, ಮತ್ತೆ ನಿಂತಿತು. ಅಪರ್ಣಾ ಮದುವೆ ಫೋಟೋವನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು.

ಆ ಬುಧವಾರ ಉಮಾಶಂಕರ್ ಮಗಳಿಗೆ ರೈಲು ತೋರಿಸಲಿಲ್ಲ.