ಕೈ ಉರಿಸದ ನೀರು

ಹೊಗೆಯೊಳಗಿನ ವಿಷವನ್ನು ಯಾರೋ ಕದ್ದಿದ್ದರು. ಲ್ಯಾಬಿನಲ್ಲಿ ವರದಿ ಟೈಪ್ ಮಾಡುತ್ತಿದ್ದ ಟೈಪಿಸ್ಟಿಗೆ ಹಾಗನ್ನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಸ ಸುಡುವ ಘಟಕದ ಚಿಮಣಿಯಲ್ಲಿ ಹಿಂದಿನ ಎರಡು ಪರೀಕ್ಷೆಗಳಲ್ಲೂ ಡಯಾಕ್ಸಿನ್ ಎಂಬ ವಿಷ ಮಿತಿ ಮೀರಿತ್ತು. ಮೂರನೆಯ ಸಲವೂ ಮೀರಿದರೆ ಘಟಕಕ್ಕೆ ಬೀಗ. ಈಗ ನೋಡಿದರೆ ಹೆಚ್ಚುಕಡಿಮೆ ಸೊನ್ನೆ! ಗಾಬರಿಯಲ್ಲಿ ಹಾಳೆ ಎಳೆದು ಬೆರಳು ಕೊಯ್ದುಕೊಂಡಳು. ಅವಳಿಗದು ಮಾಮೂಲು.

"ನಿನ್ನ ತಮ್ಮನೇ ಹೊಗೆ ಹಿಡಿಯೋ ನಳಿಗೆ ಬದಲಾಯಿಸಿರಬೇಕು," ಎಂದರು ಲ್ಯಾಬಿನ ಮುಖ್ಯಸ್ಥರು. "ನಾಳೆ ಘಟಕದ ಮ್ಯಾನೇಜರ್ ಬರ್ತಾರೆ. ಅಷ್ಟರಲ್ಲಿ ಅವನು ಬಾಯಿ ಬಿಡದಿದ್ರೆ ಕೆಲಸದಿಂದ ತೆಗೀತೀನಿ."

ಚಿಮಣಿ ಹತ್ತಿ ಹೊಗೆ ಹಿಡಿದು ತರುವುದೇ ತಮ್ಮನ ಕೆಲಸ. ಆರು ಗಂಟೆ ಪಂಪಿನಿಂದ ಹೊಗೆ ಎಳೆದು ತಣಿಸಬೇಕು. ಅದರ ನೀರು ಒಂದು ಫ್ಲಾಸ್ಕಿಗೆ ಇಳಿಯುತ್ತದೆ, ವಿಷ ರಾಳದ ಹರಳು ತುಂಬಿದ ಗಾಜಿನ ನಳಿಗೆಯಲ್ಲಿ ಕೂರುತ್ತದೆ. ತಮ್ಮನನ್ನು ಕೇಳಿದರೆ "ನಳಿಗೆ ನಾನು ಬದಲಾಯಿಸಿಲ್ಲ" ಎಂದಷ್ಟೇ ಹೇಳಿ ಹೊರಗೆ ಹೋದ.

ಟೈಪಿಸ್ಟ್ ಓಡಿದ್ದು ದೊಡ್ಡಮ್ಮನ ಬಳಿಗೆ. ಎಲ್ಲರ ಬಾಯಲ್ಲೂ ದೊಡ್ಡಮ್ಮನಾಗಿದ್ದ ಆಕೆ ಲ್ಯಾಬಿನ ಗಾಜಿನ ಸಾಮಾನು ತೊಳೆಯುವವರು. ಇಪ್ಪತ್ತಾರು ವರ್ಷಗಳಿಂದ ಲ್ಯಾಬಿನ ಕಳ್ಳತನ, ಸುಳ್ಳು ಎಲ್ಲವನ್ನೂ ಸಿಂಕಿನ ಮುಂದೆ ನಿಂತೇ ಪತ್ತೆ ಹಚ್ಚಿದವರು.

"ನಳಿಗೆ ಬದಲಾಗಿದೆಯಾ?"

"ಇಲ್ಲ ದೊಡ್ಡಮ್ಮ. ಲ್ಯಾಬಿಂದ ಕಳಿಸೋವಾಗ ಅದಕ್ಕೆ ಗುರುತಿನ ದ್ರಾವಣ ಹಾಕಿದ್ರು, ಅದು ಪೂರ್ತಿ ಇದೆ. ಬೇರೆ ನಳಿಗೆ ಆಗಿದ್ರೆ ಇರ್ತಿರಲಿಲ್ಲ. ವಿಷ ಬಿಸಿಲಿಗೆ ಹಾಳಾಗಿದ್ರೆ ಗುರುತೂ ಹಾಳಾಗ್ತಿತ್ತು. ಫ್ಲಾಸ್ಕಿನ ನೀರೂ ಎಂದಿನಷ್ಟೇ ಬಂದಿದೆ. ನಂಗೆ ತಲೆಬುಡ ಅರ್ಥವಾಗ್ತಿಲ್ಲ."

ದೊಡ್ಡಮ್ಮ ಬಿರುಕುಬಿಟ್ಟ ಅಂಗೈ ನೋಡಿಕೊಂಡರು. "ಹೊಗೆ ನೀರಿನ ಫ್ಲಾಸ್ಕ್ ಮುಟ್ಟಿದಾಗೆಲ್ಲ ಕೈ ಚುರುಚುರು ಅನ್ನುತ್ತೆ. ಈ ಸಲ ಉರೀಲೇ ಇಲ್ಲ. ಅದಕ್ಕೇ ತೊಳೆಯದೆ ಎತ್ತಿಟ್ಟಿದ್ದೀನಿ."

ತೋರಿಸಿದರು. ಉಳಿದಿದ್ದ ನೀರು ಆರಿ, ತಳದಲ್ಲಿ ತೆಳ್ಳನೆಯ ಬಿಳಿ ಉಂಗುರವಿತ್ತು. ತಮ್ಮನ ಕೆಲಸ ಹೋಗುತ್ತಿರುವಾಗ ಇವರಿಗೆ ಕೈಯ ಚಿಂತೆ ಎಂದು ಅವಳಿಗೆ ಸಿಟ್ಟೇ ಬಂತು. ದೊಡ್ಡಮ್ಮ ಆ ಹುಡುಗ ಬರೆದ ಹಾಳೆ ಕೇಳಿದರು. ಹದಿನೈದು ನಿಮಿಷಕ್ಕೊಮ್ಮೆ ಪಂಪಿನ ಮೀಟರ್ ನೋಡಿ ಬರೆಯುವ ಹಾಳೆ ಅದು.

"ಚಿಮಣಿ ಮೇಲೆ ಕೂತು ಬರೆದದ್ದಕ್ಕೆ ಮಸಿ ಮೆತ್ತಿರುತ್ತೆ. ಇದು ಹೊಸ ಬಟ್ಟೆ ಇದ್ದ ಹಾಗಿದೆಯಲ್ಲೇ!"

ಟೈಪಿಸ್ಟ್ ಹಾಳೆಯನ್ನು ತಿರುವಿ ನೋಡಿದಳು. ಹಾಗಾದರೆ ಸುಳ್ಳು ಬರೆದದ್ದು ತಮ್ಮನೇ?

ಮರುದಿನ ಬೆಳಿಗ್ಗೆ ಮುಖ್ಯಸ್ಥರ ಕೋಣೆಯಲ್ಲಿ ಮ್ಯಾನೇಜರ್, ತಮ್ಮ, ಟೈಪಿಸ್ಟ್ ಸೇರಿದರು. ದೊಡ್ಡಮ್ಮ ಮೇಜಿನ ಮೇಲೆ ಮೂರು ಫ್ಲಾಸ್ಕ್ ಇಟ್ಟರು.

"ಮೊದಲನೇದರಲ್ಲಿ ಹಳೇ ಪರೀಕ್ಷೆಯ ಹೊಗೆ ನೀರು ಒಣಗಿಸಿದೆ. ಅದು ಆವಿಯಿಂದ ಇಳಿದ ನೀರು, ಉಂಗುರ ಇಲ್ಲ. ಆದ್ರೆ ಹೊಗೆಯ ಆಮ್ಲ ಕುಡಿದಿರುತ್ತೆ, ಕೈ ಉರಿಸುತ್ತೆ. ಎರಡನೇದು ನಿಮ್ಮ ಘಟಕದ ನಲ್ಲಿ ನೀರು, ನಿನ್ನೆ ನಮ್ಮ ಲ್ಯಾಬಿನ ಡ್ರೈವರ್ ತಂದುಕೊಟ್ಟ. ನೋಡಿ, ಉಪ್ಪಿನ ಬಿಳಿ ಉಂಗುರ. ಮೂರನೇದು ಈ ಸಲದ ಫ್ಲಾಸ್ಕ್. ಇದರಲ್ಲೂ ಅದೇ ಉಂಗುರ, ಕೈಯೂ ಉರಿಸಲಿಲ್ಲ. ವಿಷವನ್ನ ಯಾರೂ ಕದ್ದಿಲ್ಲ ಸಾರ್, ಅದು ನಳಿಗೆಗೆ ಬಂದೇ ಇಲ್ಲ. ಚಿಮಣಿಯಿಂದ ಪೈಪ್ ಬಿಚ್ಚಿ ಬರೀ ಗಾಳಿ ಎಳೆದಿದ್ದಾರೆ. ಮೀಟರ್ ಓಡಿತು, ಗುರುತು ಉಳಿಯಿತು. ನೀರಿಲ್ಲದಿದ್ರೆ ಸಿಕ್ಕಿಬೀಳ್ತೀವಿ ಅಂತ ನಲ್ಲಿ ನೀರು ಸುರಿದಿದ್ದಾರೆ."

"ಇದೇ ಹುಡುಗನ ಕೆಲಸ!" ಎಂದರು ಮ್ಯಾನೇಜರ್.

"ಹಾಳೆ ಕ್ಲೀನಾಗಿದೆ. ಇವನು ಮೇಲಿರಲಿಲ್ಲ. ಯಾರಿದ್ರು ಹೇಳಪ್ಪ, ಅಕ್ಕನ ಮುಖ ನೋಡಿ ಹೇಳು," ಎಂದರು ದೊಡ್ಡಮ್ಮ.

ತಮ್ಮ ಅಕ್ಕನತ್ತ ತಿರುಗಿದ. "ಮೂರು ತಿಂಗಳಿಂದ ಎತ್ತರಕ್ಕೆ ಹೋದ್ರೆ ತಲೆ ತಿರುಗುತ್ತೆ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಹೆದರಿದೆ. ಈ ಮ್ಯಾನೇಜರ್ ಸಾರ್, ‘ನೀನು ಕೆಳಗಿರು, ಮೀಟರ್ ನಾನು ನೋಡಿ ಫೋನಲ್ಲಿ ಹೇಳ್ತೀನಿ’ ಅಂದ್ರು. ನಂಬಿದೆ."

"ಬೀಗ ಬಿದ್ರೆ ನೂರು ಜನರ ಹೊಟ್ಟೆಪಾಡು…" ಎಂದು ಮ್ಯಾನೇಜರ್ ಗೊಣಗಿದರು.

ಮುಖ್ಯಸ್ಥರು ತಮ್ಮನಿಗೆ ಚೆನ್ನಾಗಿ ಬೈದರು. "ಸಿಂಕಿಗೆ ಒಬ್ಬ ಬೇಕು ಅಂತ ಎಷ್ಟು ಸಲ ಕೇಳಿದ್ದೀನಿ? ನೆಲದ ಮೇಲೇ ನಿಲ್ಲೋ ಕೆಲಸ," ಎಂದರು ದೊಡ್ಡಮ್ಮ. ತಮ್ಮನಿಗೆ ಚಿಮಣಿ ತಪ್ಪಿತು, ಕೆಲಸ ಉಳಿಯಿತು.

ಮುಂದಿನ ವಾರ ಬೇರೊಬ್ಬರು ಚಿಮಣಿ ಹತ್ತಿ ಮತ್ತೆ ಹೊಗೆ ತಂದರು. ಫ್ಲಾಸ್ಕ್ ಸಿಂಕಿಗೆ ಬಂದಾಗ ಟೈಪಿಸ್ಟ್ ತಡೆಯಲಾರದೆ ಹಾಳೆ ಕೊಯ್ದ ಬೆರಳನ್ನು ತಳದ ಹನಿಗೆ ತಾಗಿಸಿದಳು. ಚುರ್ರೆಂದಿತು. ಈ ಸಲ ಹೊಗೆ ನಿಜದ್ದೇ ಎಂಬ ಸಮಾಧಾನಕ್ಕೆ ನಕ್ಕಳು. ಕಿಟಕಿಯಾಚೆ ಅದೇ ಚಿಮಣಿ ಊರಿನ ಮೇಲೆ ಹೊಗೆ ಬಿಡುತ್ತಿತ್ತು. ಅವಳ ನಗು ಅಲ್ಲಿಗೇ ನಿಂತಿತು.

"ದೊಡ್ಡಮ್ಮ, ಇದನ್ನೇನಾ ನಾವು ಇಷ್ಟು ದಿನ ಉಸಿರಾಡಿದ್ದು?"

ದೊಡ್ಡಮ್ಮ ನಲ್ಲಿ ತಿರುಗಿಸಿ ಅವಳ ಬೆರಳನ್ನು ನೀರಿಗೆ ಹಿಡಿದರು. "ಹೂಂ ಕಣೇ. ಹೋಗು, ವರದಿ ಟೈಪ್ ಮಾಡು."