ಎರಡು ಊರಿನ ಬಿಸಿಲು

"ನಿಮ್ಮ ಅರ್ಧದಾಗ ಬಿಸಿಲು ಉಲ್ಟಾ ಬಿದ್ದದ್ರಿ. ಜರಾ ನೋಡ್ರಿ."

ಮೆಸೇಜ್ ಕಳಿಸಿ ಮೊಬೈಲನ್ನು ಎದೆಗೆ ಒತ್ತಿಕೊಂಡು ಕೂತೆ. ಅಂಬರೀಷ ಯಾವತ್ತೂ ತಡ ಮಾಡುವವನಲ್ಲ. ಅವನ ಹೆಸರಿನ ಕೆಳಗೆ 'ಟೈಪಿಂಗ್' ಎಂದು ಮೂಡಿದರೆ ಸಾಕು, ಬಸವಕಲ್ಯಾಣದ ನಮ್ಮ ಮಾಳಿಗೆ ಮುಗಿಲಿನತ್ತ ಬೆಳೆದು ಹುಮನಾಬಾದಿನ ದೀಪಗಳೆಲ್ಲ ಕಂಡಂತಾಗುತ್ತಿತ್ತು ನನಗೆ. ಅವತ್ತು ಆ ಅಕ್ಷರ ಮೂಡಿತು, ಅಳಿಸಿಹೋಯಿತು. ಮತ್ತೆ ಮೂಡಿತು, ಮತ್ತೆ ಅಳಿಸಿಹೋಯಿತು.

ಕೊನೆಗೆ ಬಂದದ್ದು ಇಷ್ಟೇ: "ನನ್ನ ಕೈಲೆ ಬರೋಬ್ಬರಿ ಆಗಂಗಿಲ್ಲ ಅನಸ್ತದ ಮೇಡಂ. ನನ್ನ ಹೆಸರು ತಗದು ನಿಮ್ಮ ಒಬ್ಬರ ಹೆಸರಲೇ ಕಳಸ್ರಿ."

ಫೋನ್ ಮಾಡಿದೆ. ಎತ್ತಲಿಲ್ಲ.

ನಾವಿಬ್ಬರು ಎದುರೆದುರು ಕಂಡದ್ದು ಒಂದೇ ಸಲ. ಹುಮನಾಬಾದಿನ ಪಿಕ್ಸೆಲ್ ಆರ್ಟ್ ಶಿಬಿರದಲ್ಲಿ. ಪರದೆಯ ಮೇಲೆ ಸಾಸಿವೆಯಂಥ ಚೌಕಗಳು, ಒಂದೊಂದಕ್ಕೂ ಬಣ್ಣ ತುಂಬುತ್ತ ಹೋದರೆ ಚಿತ್ರ. ಅವನು ಅಲ್ಲೇ ಫ್ಲೆಕ್ಸ್ ಬ್ಯಾನರ್ ಅಂಗಡಿಯಲ್ಲಿ ಡಿಸೈನರ್. ನಾನು ಕಲ್ಯಾಣದಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವವಳು. ಎಲ್ಲರೂ ಜೋಡಿಯಾದ ಮೇಲೆ ನಾವಿಬ್ಬರೇ ಉಳಿದಿದ್ದೆವು.

"ನೀವೇನ್ರಿ ನನ್ನ ಪಾರ್ಟ್‌ನರ್?" ಅಂದ.

"ಯಾಕ್ರಿ, ಬ್ಯಾರೆ ಯಾರರ ಬೇಕಿತ್ತೇನು?"

"ಇಲ್ರಿ. ಬೇಕಂತನ ಕಡೀಕ ಉಳದೀನಿ."

ಅಂದವನೇ ತಲೆ ತಗ್ಗಿಸಿ ಮೌಸಿನ ವೈರ್ ಬಿಡಿಸತೊಡಗಿದ. ವೈರಿಗೆ ಗಂಟೇ ಬಿದ್ದಿರಲಿಲ್ಲ.

ನಾವು ಆರಿಸಿಕೊಂಡದ್ದು ನಮ್ಮಿಬ್ಬರ ಊರುಗಳ ನಡುವಿನ ರಸ್ತೆಯನ್ನು. ಚಿತ್ರದ ಎಡಕ್ಕೆ ಕಲ್ಯಾಣದ ಕೋಟೆ, ಮಾಳಿಗೆ ಮನೆಗಳು. ಅವು ನನ್ನವು. ಬಲಕ್ಕೆ ಹುಮನಾಬಾದಿನ ಬಸ್ ಸ್ಟ್ಯಾಂಡ್, ಅಂಗಡಿಸಾಲು. ಅವು ಅವನವು. ನಡುವೆ ಹೂಬಿಟ್ಟ ತೊಗರಿ ಹೊಲ. ಒಂದೇ ಫೈಲು ಇಬ್ಬರಿಗೂ. ಮುಂಜಾನೆ ನಾನು ತೆರೆಯುತ್ತಿದ್ದೆ, ಅಂಗಡಿ ಕೆಲಸ ಮುಗಿಸಿ ಸಂಜೆ ಅಲ್ಲೇ ಬಾಗಿಲಲ್ಲಿ ಕೂತು ಅವನು. ಭಾನುವಾರ ಸಂಜೆಯೊಳಗೆ ಶಿಬಿರದವರಿಗೆ ಕಳಿಸಬೇಕಿತ್ತು.

ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ಫೀಡ್‌ಬ್ಯಾಕ್ ಕೊಡುವಾಗ ಮೊದಲು ಚಂದ ಇದ್ದದ್ದನ್ನು ಹೇಳಬೇಕು, ತಿದ್ದಬೇಕಾದ್ದು ಆಮೇಲೆ ಎಂದು ಶಿಬಿರದಲ್ಲಿ ಹೇಳಿದ್ದರು. ನಾನು ಮೊದಲಿನದನ್ನು ಬಿಟ್ಟು ನೇರ ಎರಡನೆಯದಕ್ಕೆ ಹೋಗುತ್ತಿದ್ದೆ. ಬಸ್ಸಿನ ಗಾಲಿ ದುಂಡಗಿಲ್ಲ. ಬೋರ್ಡಿನ ಕೆಂಪು ಕಣ್ಣಿಗೆ ಚುಚ್ಚುತ್ತದೆ. ಚಹಾದಂಗಡಿಯ ಹೊಗೆ ಗೋಡೆಗೆ ಅಂಟಿದೆ. ಅವನು ತಿದ್ದಿ, "ಈಗ ನೋಡ್ರಿ ಮೇಡಂ" ಅನ್ನುತ್ತಿದ್ದ. ನೋಡುತ್ತಿದ್ದೆ. ಆ ಹೊಗೆ ಎಷ್ಟು ಮೆತ್ತಗೆ ಏಳುತ್ತಿತ್ತೆಂದರೆ ಚಹಾದ ವಾಸನೆ ನನ್ನ ಕೋಣೆಗೇ ಬರುತ್ತಿತ್ತು. ಆದರೆ ಚಂದ ಎಂದು ಶುರು ಮಾಡಿದರೆ ಮಾತು ಚಿತ್ರದಲ್ಲಿ ನಿಲ್ಲುತ್ತಿತ್ತೇ? ನನಗೆ ನನ್ನ ಬಾಯಿಯ ಮೇಲೆ ನಂಬಿಕೆ ಇರಲಿಲ್ಲ.

ನಮ್ಮ ಆಯಿ, ಅಪ್ಪನ ತಾಯಿ ಶಕುಂತಲಾಬಾಯಿ, ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು ನನ್ನ ಮುಖ ನೋಡಿದಳು.

"ಮಾರಿ ಯಾಕ ಹಂಗ ಮಾಡ್ಕೊಂಡಿ?"

"ಚಿತ್ರ ಬರೋಬ್ಬರಿ ಇಲ್ಲಂದೆ ಆಯಿ. ಅವರಿಗೆ ಬ್ಯಾಸರಾಯ್ತು."

"ಖರೇನೂ ಬರೋಬ್ಬರಿ ಇಲ್ಲೇನು?"

"ಭಾಳ ಚಂದದ."

"ಅದನ್ನ ನನಗ್ಯಾಕ ಹೇಳಾಕತ್ತಿ? ಅವಗ ಹೇಳು!" ಎಂದು ನಕ್ಕಳು. "ಸಣ್ಣಾಕಿ ಇದ್ದಾಗೂ ಹಿಂಗ ಮಾಡ್ತಿದ್ದಿ. ಕಥಿ ಮುಗಿಯಾಕ ಬಂತಂದ್ರ ಸುರು. ರಾಣಿ ಉಂಡಳೇನು, ಕುದುರಿ ನೀರು ಕುಡೀತೇನು, ಬಾಗಲಾ ಯಾರು ಹಾಕಿದ್ರು. ಮುಗೀಬಾರ್ದು ಅಂತ."

ನಾನು ಒಂದು ಕಾಯಿ ಸುಲಿದೆ. ಸಿಪ್ಪೆಯನ್ನು ಬುಟ್ಟಿಗೂ ಕಾಳನ್ನು ಹೊರಗೂ ಹಾಕಿದೆನಂತೆ. ಆಯಿ ಬೈದಳು.

ಭಾನುವಾರ ಮುಂಜಾನೆ ಫೈಲ್ ತೆರೆದುಕೊಂಡು ಮಾಳಿಗೆಗೆ ಹೋದೆ, ದಿನಾ ಕೂರುವ ಜಾಗಕ್ಕೆ. ಸೂರ್ಯ ಹುಟ್ಟಿದ. ಹುಮನಾಬಾದ್ ಇರುವುದು ಅದೇ ಕಡೆ. ಅವನ ಊರಿನಿಂದಲೇ ಎದ್ದುಬಂದ ಹಾಗೆ ಬಿಸಿಲು ನನ್ನ ಮೊಣಕಾಲಿನ ಮೇಲೆ ಕೂತಿತು. ನನ್ನ ಕೋಟೆಗೂ ಮನೆಗಳಿಗೂ ಬಲಗಡೆಯಿಂದಲೇ ಬೆಳಕು ಬಿದ್ದಿತ್ತು. ಯಾಕೆಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಅವನ ಬೆಳಕು ಎಡದಿಂದ. ಸಂಜೆ ಅಂಗಡಿ ಬಾಗಿಲಲ್ಲಿ ಕೂತವನ ಎದುರಿಗೆ ಸೂರ್ಯ ಮುಳುಗುವುದು ಎಲ್ಲಿ? ಕಲ್ಯಾಣದ ಕಡೆ.

ನನಗೆ ಕೂರಲಾಗಲಿಲ್ಲ. ಬಸ್ ಸ್ಟ್ಯಾಂಡಿಗೆ ಓಡಿದೆ.

ಹುಮನಾಬಾದಿನಲ್ಲಿ ಇಳಿದು ಅವನ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಬ್ಯಾನರ್ ಮಡಚುತ್ತಿದ್ದ ಒಬ್ಬ ನನ್ನನ್ನು ನೋಡಿ ಕೈ ನಿಲ್ಲಿಸಿದ. ಅಂಬರೀಷ ಹೇಳುತ್ತಿದ್ದ, ಪ್ರಿಂಟಿಂಗ್ ಮಷಿನ್ ನೋಡಿಕೊಳ್ಳುವ ಸೈಫುದ್ದೀನ್ ಇವನೇ ಇರಬೇಕು.

"ಕಲ್ಯಾಣದಿಂದ ಬಂದೀರೇನ್ರಿ? ತಪ್ಪು ಹುಡುಕೋ ಮೇಡಂ?"

"ಹೌದ್ರಿ," ಅಂದೆ, ನಾಚಿಕೆಯಿಂದ.

"ನಮ್ಮ ಬ್ಯಾನರಿಗೂ ಹುಡುಕ್ರಿ ಹಂಗಾದ್ರ. ಇವ ನಿಮ್ಮ ಮೆಸೇಜಿನ ಗುಂಗಿನಾಗ ಮದಲಿಂಗನ ಫೋಟೋನ ಬಿಟ್ಟು ಮದುವಿ ಬ್ಯಾನರ್ ಮಾಡ್ಯಾನ!"

ಒಳಗೆ ಕುರ್ಚಿ ಸರಿದ ಸದ್ದು. ಅಂಬರೀಷ ಎದ್ದು ನಿಂತಿದ್ದ. ತಲೆಗೂದಲು ಕೆದರಿತ್ತು. ನನ್ನನ್ನು ನೋಡಿದ ಕಣ್ಣು ಒಮ್ಮೆ ಬೆಳಗಿ, ನೋಡಿದ್ದು ತಪ್ಪಾಯಿತೆಂಬಂತೆ ಕೀಬೋರ್ಡಿಗೆ ಇಳಿಯಿತು.

"ಅಷ್ಟು ದೂರದಿಂದ ಯಾಕ ಬರಾಕ ಹೋದ್ರಿ? ನೀವು ಹೇಳಿದಂಗ ಈಗಷ್ಟ ತಿದ್ದೀನಿ. ಎಲ್ಲಾ ನಿಮ್ಮ ಕಡಿ ಮುಂಜಾನಿ ಬಿಸಿಲ ಮಾಡೀನಿ."

ಪರದೆ ತಿರುಗಿಸಿದ. ಅವನ ಬಸ್ ಸ್ಟ್ಯಾಂಡು, ಅಂಗಡಿಸಾಲು, ಎಲ್ಲಕ್ಕೂ ಬಲದಿಂದ ಬೆಳಕು. ಒಂದು ಚಿತ್ರಕ್ಕೆ ಒಂದೇ ಕಡೆಯ ಬೆಳಕು ಎಂಬ ನಿಯಮದ ಪ್ರಕಾರ ಒಂದು ಚೌಕವೂ ತಪ್ಪಿರಲಿಲ್ಲ. ನಾನು ಪರದೆಯತ್ತ ಬಾಗಿದೆ.

"ಹಳೇದು ಅಳಿಸಿಬಿಟ್ರೇನು?"

"ಇಟ್ಟೀನ್ರಿ," ಅಂದ ಮೆಲ್ಲಗೆ. "ಅಳಸಾಕ ಮನಸ್ಸಾಗ್ಲಿಲ್ಲ."

"ತೆಗೀರಿ. ನಿಮ್ಮ ಸಂಜಿ ನನಗ ಬೇಕು."

ಅವನ ಕೈ ಮೌಸಿನ ಮೇಲೆ ನಿಂತೇಬಿಟ್ಟಿತು. ಬಾಗಿಲಲ್ಲಿದ್ದ ಸೈಫುದ್ದೀನ್ ಇದ್ದಕ್ಕಿದ್ದಂತೆ ಚಹಾದ ನೆನಪಾಗಿ ಹೊರಟುಹೋದ.

ಹಳೆಯ ಚಿತ್ರ ತೆರೆಯಿತು. ಎಡದ ಮನೆಗಳು ಬಲಕ್ಕೆ ಮುಖ ಮಾಡಿ ಬೆಳಗಿದ್ದವು, ಬಲದ ಅಂಗಡಿಗಳು ಎಡಕ್ಕೆ. ಬಿಸಿಲೆಲ್ಲ ನಡುವಿನ ತೊಗರಿ ಹೊಲದಿಂದಲೇ ಎರಡೂ ಊರಿಗೆ ಹರಿದಂತಿತ್ತು.

"ಮೊದಲು ಚಂದ ಇದ್ದದ್ದು ಹೇಳಬೇಕಿತ್ತು. ಹೇಳಲಿಲ್ಲ ನಾ," ಅಂದೆ. "ಹೊಗಿ ಚಂದದ. ಬಸ್ಸು ಚಂದದ. ಬಿಸಿಲಂತೂ... ನೀವು ನಮ್ಮ ಊರ ಕಡಿ ನೋಡಿಕೋತ ಬಿಡಿಸೀರಿ. ನಾನೂ ಮುಂಜಾನಿ ನಿಮ್ಮ ಕಡಿನ ನೋಡಿಕೋತ ಕೂಡ್ತೀನಿ. ಅದಕ್ಕ ಹಿಂಗಾಗ್ಯದ."

ಅವನ ಕಿವಿಯ ತುದಿ ಕೆಂಪಾಗುತ್ತ ಹೋಯಿತು.

"ಮತ್ತ ಯಾಕ ಅಷ್ಟು ತಪ್ಪು ತಗದ್ರಿ?"

"ತಪ್ಪು ಮುಗದ್ರ ಮಾತೂ ಮುಗೀತದಂತ."

"ಈಗ?"

"ಈಗ ತಪ್ಪಿಲ್ಲ. ಕಳಸ್ರಿ."

ಕೆಳಗೆ ಎರಡು ಹೆಸರು ಬರೆದ. ಅಂಬರೀಷ, ಸ್ನೇಹಲ್. ಒಂದರ ಪಕ್ಕ ಒಂದು. ಕಳಿಸುವ ಗುಂಡಿ ಒತ್ತಿದ. ಸಣ್ಣ ಸದ್ದು ಮಾಡಿ ನಮ್ಮ ರಸ್ತೆ, ತೊಗರಿ ಹೊಲ, ಎಲ್ಲವೂ ನಮ್ಮ ಕೈಯಿಂದ ಹೊರಟುಹೋದವು. ಎದೆ ಒಮ್ಮೆ ಖಾಲಿಯಾಯಿತು. ಇನ್ನು ತಿದ್ದಲು ಏನೂ ಉಳಿದಿರಲಿಲ್ಲ.

ಅವನಿಗೂ ಹಾಗೇ ಆಗಿರಬೇಕು. ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, ಮೊದಲ ಸಲ ಮೇಡಂ ಅನ್ನದೆ, ಕೇಳಿದ:

"ಸ್ನೇಹಲ್, ನಾಳಿ ಮುಂಜಾನಿ ಮೆಸೇಜ್ ಮಾಡ್ತೀರೇನು?"

"ಮಾಡ್ತೀನಿ."

"ಎದರ ಸಲುವಾಗಿ?"

ನಾನು ಅವನ ಕಣ್ಣು ಬಿಟ್ಟು ಬೇರೆಲ್ಲೂ ನೋಡಲಿಲ್ಲ.

"ಎದರ ಸಲುವಾಗೂ ಇಲ್ಲ. ಸುಮ್ಮನ."