ಕಾಲುವೆಯ ತುದಿಯ ಊರು

ಕಾಲುವೆ ಗೇಟ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ನನ್ನ ತಲೆಯ ಮೇಲಿತ್ತು. ಬೆನ್ನ ಹಿಂದೆ ಕಾಲುವೆ... ಹತ್ತಡಿ ಆಳ.

"ಮುಂದ ಬಂದ್ರ ನಿನ್ನ ನೀರಿಗಿ ಒಗೀತೇನಿ."

ಹಾಗೆಂದವಳು ಐವತ್ತರ ಹೆಂಗಸು. ಅಲ್ಲವ್ವ.

ಎರಡು ಸಾವಿರದ ಆರು, ಮಾರ್ಚ್. ಬೆಲ್ಲದ ಬಾಗೇವಾಡಿಯಾಚೆ ಒಂದು ಸಕ್ಕರೆ ಕಾರ್ಖಾನೆ. ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ತೆಗೆಯುತ್ತಿದ್ದರು. ಬಾಯ್ಲರಿಗೆ ಕಾಲುವೆಯ ನೀರು. ಕಲ್ಲಿದ್ದಲಿಲ್ಲದ ಶುದ್ಧ ಕರೆಂಟ್ ಎಂದು ಸರ್ಟಿಫಿಕೇಟ್ ಕೊಡಲು ಅಂದು ಫಾರಿನ್ ತಂಡ ಬಂದಿತ್ತು. ನಾಲ್ಕು ದಿನದಿಂದ ಯಾರೋ ಕಾರ್ಖಾನೆಗೆ ನೀರು ಬಿಡುವ ಗೇಟ್ ಮುಚ್ಚುತ್ತಿದ್ದರು. ಹಿಡಿದುಕೊಡಲು ಮ್ಯಾನೇಜರ್ ಬಸವಣ್ಣೆಪ್ಪ ನನ್ನನ್ನು ಗೋಕಾಕದಿಂದ ಕರೆಸಿದ್ದ. ಪೊಲೀಸ್ ನೌಕರಿ ಬಿಟ್ಟ ಮೇಲೆ ಇಂಥದ್ದೇ ನನ್ನ ಕಸುಬು.

"ಗೇಟ್ ಯಾಕ ಮುಚ್ಚತಿ ಯವ್ವಾ?"

"ಮೂಡಲಗಿ ಬಾಜೂ, ಕಾಲುವಿ ತುದಿಗಿ ನಮ್ಮೂರು. ಇಲ್ಲಿ ನೀರು ಎಳದ್ರ ನಮಗ ಬರೂದಿಲ್ಲ. ದನಾ ಬಾಯಿ ಬಿಡಾಕತ್ತಾವ."

"ಬೋರ್ ಇಲ್ಲೇನು?"

"ಐತಿ. ಕರೆಂಟ್ ಇಲ್ಲ. ನಮ್ಮ ನೀರಿಲೆ ಮಾಡಿದ ಕರೆಂಟ್ ಬೆಂಗಳೂರಿಗಿ ಹೋಗತೈತಿ."

ಜೀಪು ಬಂತು. ಇಳಿದವನು ಕಾರ್ಖಾನೆಯ ಗೂಂಡಾ ಸಾತಪ್ಪ. ಜೊತೆಗೆ ಇಬ್ಬರು.

"ನೀವು ಸರೀರಿ ಸಾಹೇಬ್ರ. ಕಾಲು ಜಾರಿ ಬಿದ್ಲು ಅಂದ್ರ ಮುಗೀತು."

ಹಿಡಿಯುವ ಕೆಲಸ ಒಪ್ಪಿದ್ದೆ. ಮುಳುಗಿಸುವ ಕೆಲಸವನ್ನಲ್ಲ.

ಹ್ಯಾಂಡಲ್ ಕಿತ್ತುಕೊಂಡು ಸಾತಪ್ಪನ ಮೊಣಕಾಲಿಗೆ ಬೀಸಿದೆ. ಅವನು ಕುಸಿದ.

"ಗಾಡಿ ಹತ್ತ ಯವ್ವಾ!"

ಕಬ್ಬಿನ ಗದ್ದೆಯ ನಡುವಿನ ದಾರಿ. ನನ್ನ ಬೈಕ್ ಹಾರುತ್ತಿತ್ತು. ಹಿಂದೆ ಜೀಪು... ಇಪ್ಪತ್ತು ಅಡಿ... ಹತ್ತು ಅಡಿ... ಅಲ್ಲವ್ವನ ಉಗುರು ನನ್ನ ಹೆಗಲಿಗಿಳಿದಿತ್ತು.

ಠಾಣೆ ದೂರ. ಕಾರ್ಖಾನೆ ಹತ್ತಿರ. ಫಾರಿನ್ನವರ ಎದುರು ಯಾರೂ ಕೈ ಎತ್ತಲಾರರು. ಸೀದಾ ಒಳಗೇ ನುಗ್ಗಿಸಿದೆ.

ನೀರಿಲ್ಲದೆ ಬಾಯ್ಲರ್ ನಿಂತಿತ್ತು. ಬಸವಣ್ಣೆಪ್ಪ ಫಾರಿನ್ನವರಿಗೆ ಏನೋ ನೆಪ ಹೇಳುತ್ತಿದ್ದ. ಪಕ್ಕದಲ್ಲಿ ದುಭಾಷಿ ಹುಡುಗಿ ತೃಪ್ತಿ.

ಅಲ್ಲವ್ವ ಇಳಿದಳು. ಸೀದಾ ಫಾರಿನ್ನವರ ಮುಂದೆ ಹೋಗಿ ನಿಂತಳು. ದನಿ ನಡುಗಲಿಲ್ಲ. ಎಲ್ಲ ಹೇಳಿದಳು.

"ಇದನ್ನ ಹೇಳಬ್ಯಾಡ" ಎಂದ ಬಸವಣ್ಣೆಪ್ಪ, ತೃಪ್ತಿಗೆ.

ತೃಪ್ತಿ ಅವನ ಮುಖ ನೋಡಿದಳು. ಅಲ್ಲವ್ವನ ಒಡೆದ ಹಿಮ್ಮಡಿ ನೋಡಿದಳು. ಆಮೇಲೆ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು.

ಸರ್ಟಿಫಿಕೇಟ್ ನಿಂತಿತು. ತುದಿಯ ಊರುಗಳಿಗೆ ವಾರಕ್ಕೆ ಮೂರು ದಿನ ನೀರು ಎಂದು ಕಾರ್ಖಾನೆ ಬರೆದುಕೊಟ್ಟ ಮೇಲೆಯೇ ಮಾತು ಮುಂದುವರಿಯಿತು.

ಗೇಟ್ ಮುಚ್ಚಿದ್ದಕ್ಕೆ ಅಲ್ಲವ್ವನ ಮೇಲೆ ಕೇಸು ಬಿತ್ತು. ಅವಳು ಗೇಟ್ ಮುಚ್ಚಿದ್ದನ್ನು ಕಣ್ಣಾರೆ ಕಂಡವನು ನಾನೊಬ್ಬನೇ. ಹುಕ್ಕೇರಿ ಕೋರ್ಟಿನ ಕಟಕಟೆಯಲ್ಲಿ ನಿಂತು ನೆಟ್ಟಗೆ ಹೇಳಿದೆ:

"ಅವತ್ತ ನಾ ಗೇಟಿನ ಕಡೆ ಹೋಗೇ ಇಲ್ರಿ."